ಕೋಟೆ ಹೋಗಿ ತೋಟವಾದ ಗುಡ್ಡ

ಸಿಂಗಾಪುರದ ನಡುಪೇಟೆಯಲ್ಲಿರುವ ಫೋರ್ಟ್ ಕ್ಯಾನಿಂಗ್ ಗುಡ್ಡದ ಎತ್ತರ ಐವತ್ತು ಮೀಟರಿಗೂ ಕಡಿಮೆ. ಚಿತ್ರದುರ್ಗವನ್ನು ಕಂಡವರು ಇದನ್ನೂ ಗಿರಿದುರ್ಗವೆನ್ನುತ್ತಾರೆಯೇ ಎಂದು ನಕ್ಕಾರು. ಆದರೆ ಈ ಪುಟ್ಟ ಗುಡ್ಡ ಶತಮಾನಗಳ ಕಾಲ ಜನಸಾಮಾನ್ಯರಿಗೆ ದಕ್ಕಿರಲಿಲ್ಲ. 14ನೇ ಶತಮಾನದ ಅರಸರ ಅರಮನೆ ಇಲ್ಲಿತ್ತೆಂದು ನಂಬಿದ ಮಲಯರು ಇದನ್ನು ‘ನಿಷಿದ್ಧ ಬೆಟ್ಟ’ವೆಂದು ಕರೆದು ದೂರವಿದ್ದರು, ಸಿಂಗಾಪುರದಲ್ಲಿ ಬ್ರಿಟಿಷರ ನೆಲೆ ಸ್ಥಾಪಿಸಿದ ರಾಫಲ್ಸ್ ತನ್ನ ಮನೆಯನ್ನು ಇಲ್ಲಿ ಕಟ್ಟಿಸಿದ ಮೇಲೆ ಅದು ಸರ್ಕಾರದ ಗುಡ್ಡವಾಯಿತು.

ಆಗ ಸಿಂಗಾಪುರ ಬ್ರಿಟಿಷ್ ಇಂಡಿಯಾದ ಆಡಳಿತಕ್ಕೆ ಸೇರಿತ್ತು. ಹಾಗಾಗಿಯೇ 1859ರಲ್ಲಿ ಕಟ್ಟಲಾರಂಭಿಸಿದ ಕೋಟೆಗೆ ಲಾರ್ಡ್ ಕ್ಯಾನಿಂಗನ ಹೆಸರು ಬಂತು. 1857ರಲ್ಲಿ ಹಲಗಲಿಯ ಬೇಡರು ಆಯುಧ ಒಪ್ಪಿಸಲು ಒಲ್ಲೆವೆಂದು ದಂಗೆಯೆದ್ದಾಗ ಗವರ್ನರ್ ಜನರಲ್ ಆಗಿದ್ದವನು ಇವನೇ. ಇಷ್ಟು ದೂರ ಬಂದರೂ ಆ ಹೆಸರು ಬೆನ್ನು ಬಿಡಲಿಲ್ಲವಲ್ಲ ಎನಿಸಿತು. ಕೋಟೆಯೇನೋ ಎದ್ದಿತು, ಆದರೆ ಹಡಗುಗಳ ದಾಳಿಯಿಂದ ಪಟ್ಟಣವನ್ನು ಕಾಯುವ ಶಕ್ತಿ ಅದಕ್ಕಿಲ್ಲವೆಂಬ ಟೀಕೆಯೂ ಎದ್ದಿತು. ಅದರ ಫಿರಂಗಿಗಳು ಜನರಿಗೆ ಹೊತ್ತು ತಿಳಿಸುವುದಕ್ಕೆ ಹಾರಿದವು. 1907ರಲ್ಲಿ ಬಹುಪಾಲು ಕೋಟೆಯನ್ನು ಕೆಡವಿ, ಮುಂದೆ ಅಲ್ಲಿ ನೀರಿನ ಜಲಾಶಯ ಕಟ್ಟಿದರು. 1942ರ ಫೆಬ್ರುವರಿ 15ರಂದು ಜಪಾನಿಗೆ ಶರಣಾಗುವ ನಿರ್ಧಾರವನ್ನು ಬ್ರಿಟಿಷ್ ಸೇನಾಪತಿ ಜನರಲ್ ಪರ್ಸಿವಲ್ ಕೈಗೊಂಡದ್ದು ಇದೇ ಗುಡ್ಡದೊಳಗಿನ ಬಂಕರಿನಲ್ಲಿ.

1981ರಲ್ಲಿ ಫೋರ್ಟ್ ಕ್ಯಾನಿಂಗ್ ಪಾರ್ಕ್ ಎಂಬ ಹೆಸರು ಪಡೆದ ಈ ಉದ್ಯಾನದಲ್ಲಿ ಉಳಿದಿರುವುದು ಹೆಬ್ಬಾಗಿಲು, ಗೋಡೆಯ ತುಂಡಿನಂಥ ಕೋಟೆಯ ಕೆಲವೇ ಕುರುಹುಗಳು. ಹೋದ ಕೋಟೆಯನ್ನು ಹೊಸ ಸಿಮೆಂಟಿನಲ್ಲಿ ಮರಳಿ ಕಟ್ಟುವ ಉಮೇದು ತೋರದಿರುವುದೇ ನನಗೆ ಹಿಡಿಸಿದ ಸಂಗತಿ. ಹಳೆಯ ಕ್ರೈಸ್ತ ಸ್ಮಶಾನವಿದ್ದ ಇಳಿಜಾರು ಈಗ ಹುಲ್ಲುಹಾಸಾಗಿದೆ. ಅಲ್ಲಿನ ಗೋರಿಗಲ್ಲುಗಳನ್ನು ಇಟ್ಟಿಗೆ ಗೋಡೆಯಲ್ಲಿ ಸಾಲಾಗಿ ಹುದುಗಿಸಿದ್ದಾರೆ, ಕೆಲವುಗಳ ಅಕ್ಷರ ಬೆರಳಾಡಿಸಿದರೂ ತಿಳಿಯದಷ್ಟು ಸವೆದಿದೆ. ಜನ ಮಾತ್ರ ಸುರುಳಿ ಮೆಟ್ಟಿಲಿನ ಮೇಲೆ ಮರ ಬಾಗಿರುವ ಸುರಂಗದ ಬಾಯಲ್ಲಿ ಫೋಟೋಕ್ಕಾಗಿ ಸಾಲುಗಟ್ಟುತ್ತಾರೆ.

ನಮ್ಮವರು ತಪ್ಪದೆ ತಿಳಿಯಬೇಕಾದದ್ದು ಬೇರೆಯೇ ಇದೆ. 1928ರಲ್ಲಿ ಜಲಾಶಯಕ್ಕಾಗಿ ಅಗೆದಾಗ 14ನೇ ಶತಮಾನದ ಚಿನ್ನದ ಒಡವೆಗಳು ಸಿಕ್ಕವು. ಅವುಗಳಲ್ಲೊಂದು ತೋಳಬಂದಿಯ ಮೇಲೆ, ಜಾವಾದಲ್ಲಿ ‘ಕಾಲ’ನೆಂದು ಕರೆಯುವ, ಕಣ್ಣುಬಿಟ್ಟು ಹಲ್ಲು ತೋರುವ ಮುಖವಿದೆ, ನಮ್ಮ ದೇವಾಲಯಗಳ ಬಾಗಿಲ ಮೇಲಿನ ಕೀರ್ತಿಮುಖವೇ ಅದು. ಅದೀಗ ಗುಡ್ಡದ ಬುಡದಲ್ಲಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಸಂಗ್ರಹಕ್ಕೆ ಸೇರಿದೆ.