ರಾಂಪತ್ರೆ ಜಡ್ಡಿಯ ನೀರು

ಹೊನ್ನಾವರದಿಂದ ಜೋಗಕ್ಕೆ ಹೋಗುವ ಬಸ್ಸು ಗೇರುಸೊಪ್ಪೆ ದಾಟಿ ಘಟ್ಟ ಏರಿದ ಮೇಲೆ, ಮಾವಿನಗುಂಡಿ ತಲುಪುವ ಮೊದಲು, ರಸ್ತೆಯ ಎರಡೂ ಬದಿಯಲ್ಲಿ ಕಾಡು ಒಮ್ಮೆಲೇ ದಟ್ಟವಾಗುತ್ತದೆ. ಬಸ್ಸಿನೊಳಗಿನ ಬಹುಪಾಲು ಜನರ ಮನಸ್ಸು ಆ ಹೊತ್ತಿಗಾಗಲೇ ಜಲಪಾತದ ಬಳಿ ತಲುಪಿರುವುದರಿಂದ, ಸಿದ್ದಾಪುರ ತಾಲೂಕಿನ ಕತ್ತಲೆಕಾನು ಅವರ ಪಾಲಿಗೆ ಕಿಟಕಿಯಾಚೆಗಿನ ಹಸಿರಾಗಿಯೇ ಉಳಿಯುತ್ತದೆ. ಆದರೆ ರಸ್ತೆಯನ್ನು ಬಿಟ್ಟು ಇಳಿಜಾರಿನಲ್ಲಿ ಇಳಿದರೆ, ಕಣಿವೆಗಳ ತಳದಲ್ಲಿ ವರ್ಷವಿಡೀ ನೀರು ನಿಂತಿರುವ, ಆ ನೀರಿನಲ್ಲಿಯೇ ಎತ್ತರದ ಮರಗಳು ಬೇರೂರಿರುವ ಜೌಗು ನೆಲಗಳು ಸಿಗುತ್ತವೆ. ಸಸ್ಯವಿಜ್ಞಾನಿಗಳು ಇವುಗಳನ್ನು ಮಿರಿಸ್ಟಿಕಾ ಸ್ವಾಂಪ್ ಎಂದು ಗುರುತಿಸುತ್ತಾರೆ. ಈ ಭಾಗದ ಜನರಿಗೆ ಅದು ರಾಂಪತ್ರೆ ಜಡ್ಡಿ; ರಾಂಪತ್ರೆಯೆಂದರೆ ಕಾಡು ಜಾಜಿಕಾಯಿ, ಜಡ್ಡಿಯೆಂದರೆ ಜೌಗು. ಈ ಮಳೆಗಾಲದಲ್ಲಿ, ಆಗಸ್ಟ್ ಕೊನೆಗೆ ಮಳೆ ಸ್ವಲ್ಪ ಹೊಳವಾದಾಗ, ಇಂಥ ಜಡ್ಡಿಗಳನ್ನು ನೋಡುತ್ತ ಬೆಳಗಿನಿಂದ ಸಂಜೆಯವರೆಗೆ ನಡೆಯುವ ಅವಕಾಶ ನನಗೆ ದೊರೆಯಿತು.

ಇದು ಟಿಕೆಟು ಕೊಂಡು ಒಳಹೋಗುವ ಜಾಗವಲ್ಲ. ಸಿಂಗಳೀಕವೆಂಬ ಕಪ್ಪು ಮಂಗಗಳ ರಕ್ಷಣೆಗಾಗಿ 2011ರಲ್ಲಿ ರಾಜ್ಯ ಸರ್ಕಾರವು ಇಲ್ಲಿನ ಸುಮಾರು 300 ಚದರ ಕಿಲೋಮೀಟರ್ ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. 2019ರಲ್ಲಿ ಅದನ್ನು ಶರಾವತಿ ಕಣಿವೆಯ ಹಳೆಯ ಅಭಯಾರಣ್ಯದೊಂದಿಗೂ ಸುತ್ತಲಿನ ಮೀಸಲು ಅರಣ್ಯಗಳೊಂದಿಗೂ ಸೇರಿಸಿ, ಸುಮಾರು 930 ಚದರ ಕಿಲೋಮೀಟರ್ ವಿಸ್ತಾರದ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯವನ್ನು ರಚಿಸಲಾಯಿತು. ಆದ್ದರಿಂದ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಒಳಗೆ ಕಾಲಿಡುವಂತಿಲ್ಲ. ನಮ್ಮ ಜೊತೆಗೆ ಬಂದ ವಾಚರ್ ಹತ್ತಿರದ ಹಳ್ಳಿಯವರೇ ಆಗಿದ್ದು, ಮಾತು ಕಡಿಮೆ, ಕಣ್ಣು ಚುರುಕು ಎನ್ನುವಂಥ ಮನುಷ್ಯರಾಗಿದ್ದರು. ಹೊರಡುವ ಮೊದಲು ಅವರು ಹೇಳಿದ್ದು ಇಷ್ಟೇ: "ನೀರಲ್ಲಿ ಬೇರಿನ ಮೇಲೆ ಕಾಲಿಡಬೇಡಿ, ಮಾರಾಯ್ರೇ. ಉಂಬಳ ಕಚ್ಚಿದ್ರೆ ಕೂಗಬೇಡಿ."

ಉಂಬಳಗಳ, ಅಂದರೆ ರಕ್ತ ಹೀರುವ ಕಾಡುಜಿಗಣೆಗಳ, ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಅವು ಇದ್ದವು, ಬೇಕಾದಷ್ಟು ಇದ್ದವು.

ಇಳಿಜಾರಿನ ಕಾಡು ನಿತ್ಯಹರಿದ್ವರ್ಣದ ಕಾಡು. ಅಲ್ಲಿ ಮೊದಲು ಗಮನಕ್ಕೆ ಬರುವುದು ಡಿಪ್ಟೆರೋಕಾರ್ಪಸ್ ಇಂಡಿಕಸ್ ಎಂಬ ಮರದ ಕಂಬದಂಥ ಕಾಂಡ. ಅದು ಎಷ್ಟೋ ಎತ್ತರದವರೆಗೆ ಕೊಂಬೆಯೇ ಇಲ್ಲದೆ ಏರಿ, ಮೇಲೆ ಹೋದ ಮೇಲಷ್ಟೇ ಕೈ ಚಾಚುತ್ತದೆ. ಎರಡು ರೆಕ್ಕೆಗಳುಳ್ಳ ಅದರ ಹಳೆಯ ಕಾಯಿಗಳು ತರಗೆಲೆಯ ನಡುವೆ ಸಿಕ್ಕವು. ಕೆಳಗೆ ಬೆತ್ತದ ಮುಳ್ಳು, ಬೈನೆ ಮರ ಮತ್ತು ಎಲ್ಲ ಮರಗಳ ಮೈಗೂ ಹಬ್ಬಿದ ಕಾಡುಮೆಣಸಿನ ಬಳ್ಳಿ. 16ನೇ ಶತಮಾನದಲ್ಲಿ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರೆಂಬುದನ್ನು ಶಾಲೆಯಲ್ಲಿ ಓದಿದಾಗ, ಆ ಮೆಣಸು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಯೇ ನಮಗೆ ಹುಟ್ಟಿರಲಿಲ್ಲ. ಕಾನು ಎಂದು ಕರೆಯುವ ಈ ದಟ್ಟ ಕಾಡುಗಳಲ್ಲಿ ಒಮ್ಮೆ ನಡೆದರೆ ಉತ್ತರ ಕಣ್ಣೆದುರಿಗೇ ಇರುತ್ತದೆ.

ಕಣಿವೆಯ ತಳ ಸಮೀಪಿಸಿದಂತೆ ಇಳಿಜಾರು ಕಡಿಮೆಯಾಗಿ, ಕಾಲಡಿಯ ಮಣ್ಣು ಮೆದುವಾಗಿ, ಹರಿಯುತ್ತಿದ್ದ ಸಣ್ಣ ಹಳ್ಳ ಹರಿಯುವುದನ್ನೇ ಮರೆತು ಅಗಲವಾಗಿ ಹರಡಿಕೊಳ್ಳುತ್ತದೆ. ಅಲ್ಲಲ್ಲಿ ಹೊಂಡಗಳು, ಹೊಂಡಗಳ ನಡುವೆ ಮರಳು ಬೆರೆತ ಕೆಸರು, ಕೆಸರಿನ ತುಂಬ ಬೇರು. ಜಿಮ್ನಾಕ್ರಾಂಥೆರಾ ಎಂಬ ಮರದ ಬೇರುಗಳು ಮಣ್ಣಿನೊಳಗಿಂದ ಮೇಲೆದ್ದು, ಬಾಗಿ, ಮತ್ತೆ ಮಣ್ಣಿಗಿಳಿಯುತ್ತವೆ; ಒಂದು ಮರದ ಸುತ್ತ ಅಂಥ ಬೇರುಗಳು ಲೆಕ್ಕವಿಲ್ಲದಷ್ಟು ಇದ್ದು, ಯಾರೋ ನೀರಿನಲ್ಲಿ ಮಂಡಿ ಮಡಚಿ ಸಾಲಾಗಿ ಕುಳಿತಿರುವಂತೆ ಕಾಣುತ್ತದೆ. ಅದರ ಪಕ್ಕದಲ್ಲಿಯೇ ಬೆಳೆಯುವ ಮಿರಿಸ್ಟಿಕಾ ಮ್ಯಾಗ್ನಿಫಿಕಾ ಬೇರೆ ದಾರಿಯನ್ನು ಹಿಡಿದಿದೆ: ಕಾಂಡದ ಕೆಳಭಾಗದಿಂದಲೇ ಊರುಗೋಲಿನ ಬೇರುಗಳನ್ನು ಸುತ್ತಲೂ ಇಳಿಸಿ, ಕೆಸರಿನಿಂದ ತನ್ನ ಮೈಯನ್ನು ಮೇಲೆತ್ತಿಕೊಂಡು ನಿಂತಿದೆ. ಎರಡೂ ಜಾಜಿಕಾಯಿಯ ಕುಟುಂಬಕ್ಕೆ ಸೇರಿದ ಮರಗಳೇ. ಎರಡಕ್ಕೂ ಎದುರಾಗಿರುವ ತೊಂದರೆಯೂ ಒಂದೇ. ನೀರು ತುಂಬಿದ ಮಣ್ಣಿನಲ್ಲಿ ಗಾಳಿಗೆ ಎಡೆಯಿಲ್ಲ. ಬೇರಿಗೆ ಬೇಕಾದ ಆಮ್ಲಜನಕ ಕೆಳಗೆ ಸಿಗದಿದ್ದಾಗ ಬೇರೇ ಮೇಲೆ ಬಂದು ಉಸಿರಾಡಬೇಕಾಗುತ್ತದೆ. ವಾಚರ್ ಹೇಳಿದ ಮಾತಿನ ಕಾರಣ ಆಗ ತಿಳಿಯಿತು: ದಾಟಲು ಅನುಕೂಲವಾದ ಮೆಟ್ಟಿಲುಗಳಂತೆ ಕಾಣುವ ಆ ಮಂಡಿಗಳೇ ಮರದ ಮೂಗುಗಳು.

ಭಾರತದ ಇಂಥ ಕಾಡುಗಳ ಬಗ್ಗೆ ಮೊದಲ ಬಾರಿಗೆ ವಿವರವಾಗಿ ಬರೆದವರು ಕೃಷ್ಣಮೂರ್ತಿ ಎಂಬ ಅರಣ್ಯಶಾಸ್ತ್ರಜ್ಞರು. 1960ರಲ್ಲಿ, ದಕ್ಷಿಣ ಕೇರಳದ ಜೌಗುಗಳನ್ನು ಕುರಿತು. ಉತ್ತರ ಕನ್ನಡದ ಜಡ್ಡಿಗಳ ಮಹತ್ವ ಹೊರಗಿನ ಲೋಕಕ್ಕೆ ತಿಳಿಯಲು ಅನಂತರವೂ ಬಹಳ ಕಾಲ ಹಿಡಿಯಿತು. 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅವರು ಇಲ್ಲಿನ ಗೇರು ಜಾತಿಯ ಒಂದು ದೊಡ್ಡ ಮರವನ್ನು ವಿಜ್ಞಾನಕ್ಕೆ ಹೊಸದೆಂದು ಗುರುತಿಸಿ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂದು ಈ ಊರಿನ ಹೆಸರನ್ನೇ ಅದಕ್ಕೆ ಇಟ್ಟರು. ಮುಂದೆ ಎಂ. ಡಿ. ಸುಭಾಷ್‌ಚಂದ್ರನ್ ಮತ್ತು ಅವರ ಸಂಗಡಿಗರು, ದೂರದ ದಕ್ಷಿಣ ಕೇರಳದ ಮರಗಳೆಂದೇ ತಿಳಿಯಲಾಗಿದ್ದ ಮಧುಕಾ ಬೋರ್ಡಿಲ್ಲೋನಿ ಹಾಗೂ ಸಿಜಿಜಿಯಂ ಟ್ರಾವಂಕೋರಿಕಂ ಎಂಬ ಎರಡು ಅಪರೂಪದ ಪ್ರಭೇದಗಳನ್ನು ಇಲ್ಲಿನ ಕಾಡಿನಲ್ಲಿ ಕಂಡರು. ಇಷ್ಟು ದೊಡ್ಡ ಮರಗಳು, ಬಸ್ಸು ಓಡಾಡುವ ರಸ್ತೆಯ ಇಷ್ಟು ಹತ್ತಿರದಲ್ಲಿ, ಯಾರ ಪಟ್ಟಿಗೂ ಸೇರದೆ ನಿಂತಿದ್ದವು ಎಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಮರಗಳಷ್ಟೇ ಅಲ್ಲ. ಮಧ್ಯಾಹ್ನ ಕಳೆದು ಬೆಳಕು ಇಳಿಯತೊಡಗಿದಾಗ ಹಳ್ಳದ ಕಡೆಯಿಂದ ಮರಕ್ಕೆ ಮರ ಬಡಿದಂಥ ಟೊಕ್, ಟೊಕ್ ಸದ್ದು ಕೇಳಿಸಿತು. ಅದು ಕುಂಬಾರ ಕಪ್ಪೆ. ಕೆ. ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ನಿಕ್ಟಿಬಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟು ವಿವರಿಸಿದ ಈ ಕಪ್ಪೆಯನ್ನು ಮೊದಲು ಗುರುತಿಸಿದ್ದೂ ಕತ್ತಲೆಕಾನಿನಲ್ಲೇ. ಮಿಲನದ ಹೊತ್ತಿನಲ್ಲಿ ಇವು ಮುಂಗಾಲುಗಳ ಮೇಲೆ ತಲೆಕೆಳಗಾಗಿ ನಿಲ್ಲುತ್ತವೆ. ನೀರಿನ ಮೇಲೆ ಚಾಚಿದ ಕಡ್ಡಿಗೋ ಬಂಡೆಗೋ ಮೊಟ್ಟೆಗಳನ್ನು ಅಂಟಿಸಿ ಹೆಣ್ಣು ಹೊರಟುಹೋದ ಮೇಲೆ, ಗಂಡು ಹಳ್ಳದ ತಳದಿಂದ ಮುಂಗೈಗಳಲ್ಲಿ ಕೆಸರನ್ನು ತಂದು ಆ ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಮೊಟ್ಟೆಗಳು ಒಣಗದಿರಲಿ ಎಂದೋ, ಬೇಟೆಗಾರರ ಕಣ್ಣಿಗೆ ಬೀಳದಿರಲಿ ಎಂದೋ ಈ ಏರ್ಪಾಡು. ಮೊಟ್ಟೆಯೊಡೆದ ಗೊದಮೊಟ್ಟೆಗಳು ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಕಪ್ಪೆಯನ್ನು ನಾವು ಕಣ್ಣಾರೆ ನೋಡಲಿಲ್ಲ. ಅದು ರಾತ್ರಿಯ ಜೀವಿ, ಟಾರ್ಚು ಹಿಡಿದು ಹುಡುಕುವುದಕ್ಕೆ ನಮಗೆ ಅನುಮತಿಯೂ ಇರಲಿಲ್ಲ. ಆದರೆ ಈ ಇಡೀ ಕೆಲಸಕ್ಕೆ ಏನೇನು ಬೇಕೆಂದು ಲೆಕ್ಕ ಹಾಕಿದರೆ ಜಡ್ಡಿಯ ಬೆಲೆ ತಿಳಿಯುತ್ತದೆ: ರಭಸವಿಲ್ಲದ ನೀರು, ಮೆತ್ತಲು ಒದಗುವ ನುಣುಪಾದ ಕೆಸರು, ಬಿಸಿಲು ಬೀಳದಂತೆ ತಡೆಯುವ ಮರ. ಮೂರರಲ್ಲಿ ಒಂದು ತಪ್ಪಿದರೂ ಕುಂಬಾರನಿಗೆ ಕಸುಬು ಇಲ್ಲ.

ಸಿಂಗಳೀಕಗಳು ಸಿಕ್ಕಿದ್ದು ಅದಕ್ಕೂ ಮೊದಲು, ಊಟಕ್ಕೆ ಕುಳಿತಿದ್ದಾಗ. ಮೇಲೆ ಕೊಂಬೆಗಳು ಅಲುಗಿದವು, ಒಂದಷ್ಟು ಸಿಪ್ಪೆ ಉದುರಿತು, ಆಮೇಲೆ ಕಪ್ಪು ಮೈ ಮತ್ತು ಬೂದುಬಣ್ಣದ ಕೇಸರದ ಮುಖವೊಂದು ಎಲೆಗಳ ನಡುವೆ ಕಾಣಿಸಿಕೊಂಡು ಮರೆಯಾಯಿತು. ರಸ್ತೆಯ ಬದಿಯಲ್ಲಿ ಬಾಳೆಹಣ್ಣಿಗೆ ಕೈಚಾಚುವ ಮಂಗಗಳ ಜೊತೆಗೆ ಇದನ್ನು ಹೋಲಿಸುವಂತಿಲ್ಲ. ಪಶ್ಚಿಮ ಘಟ್ಟವನ್ನು ಬಿಟ್ಟು ಪ್ರಪಂಚದ ಬೇರೆಲ್ಲೂ ಇಲ್ಲದ ಈ ಪ್ರಾಣಿ ನೆಲಕ್ಕಿಳಿಯುವುದೇ ಅಪರೂಪ, ಮರದಿಂದ ಮರಕ್ಕೆ ಹೋಗುವ ದಾರಿ ತುಂಡಾದರೆ ಅದರ ಬದುಕೂ ತುಂಡಾಗುತ್ತದೆ. ಅದರ ನೆಲೆಗಳಲ್ಲಿ ಎಲ್ಲಕ್ಕಿಂತ ಉತ್ತರದಲ್ಲಿರುವುದು ಈ ಶಿರಸಿ–ಹೊನ್ನಾವರ ಭಾಗದ ಕಾಡು. ಹೊನ್ನವಳ್ಳಿ ಕುಮಾರ ಮತ್ತು ಮೇವಾ ಸಿಂಗ್ ಅವರ ಸಮೀಕ್ಷೆ ಇಲ್ಲಿ ಸಿಂಗಳೀಕಗಳು ದೊಡ್ಡ ಸಂಖ್ಯೆಯಲ್ಲಿವೆ ಎಂದು ತೋರಿಸಿದ ಮೇಲೆಯೇ ಮೀಸಲು ಪ್ರದೇಶದ ಮಾತು ಗಟ್ಟಿಯಾದದ್ದು.

ಸಿಂಗಳೀಕಕ್ಕೆ ಇಷ್ಟವಾದ ಹಣ್ಣುಗಳಲ್ಲಿ ಹುಳಿ ಸಿಪ್ಪೆಯ ಕಾಡುಹಣ್ಣು ಉಪ್ಪಾಗೆಯೂ ಒಂದು, ಮನುಷ್ಯರಿಗೂ ಅದೇ ಬೇಕು. ಅದರ ಬೀಜದಿಂದ ಉಪ್ಪಾಗೆ ತುಪ್ಪ ತೆಗೆಯುವುದು ಇಲ್ಲಿನ ಮನೆಗಳಲ್ಲಿ ಹಳೆಯ ರೂಢಿ. ಸಿಪ್ಪೆಗೆ ಹೊರಗಿನ ಮಾರುಕಟ್ಟೆ ಸಿಕ್ಕ ಮೇಲೆ ಕಥೆ ಬದಲಾಯಿತು. ಹಣ್ಣು ಬಲಿಯುವುದು ಮಳೆಗಾಲದಲ್ಲಿ, ಬಿಸಿಲೇ ಇಲ್ಲದ ದಿನಗಳಲ್ಲಿ, ಆದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆಯೇ ಒಣಗಿಸಬೇಕು, ಬೆಂಕಿಗೆ ಕಟ್ಟಿಗೆ ಕಾಡಿನಿಂದಲೇ ಬರಬೇಕು. ಕಡಿಮೆ ಕಟ್ಟಿಗೆ ಬೇಡುವ ಒಲೆಗಳನ್ನು ಹಳ್ಳಿಗಳಿಗೆ ತಲುಪಿಸುವ ಪ್ರಯತ್ನ ನಡೆದಿದೆ. ಉಪ್ಪಾಗೆ ಕೊಯ್ಯುವವರನ್ನೇ ಕಾಡಿನ ಶತ್ರುಗಳೆಂದು ಬರೆಯುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಕೊಂಬೆ ಕಡಿಯದೆ, ಮಂಗನಿಗೂ ಒಂದು ಪಾಲು ಬಿಟ್ಟು ಕೊಯ್ಯುವುದು ಹೇಗೆಂದು ಅವರಿಗೆ ಗೊತ್ತಿದೆ. ಮೊದಲು ಬಂದವನಿಗೆ ಎಲ್ಲವೂ ಎಂಬ ಪೈಪೋಟಿ ಆ ತಿಳಿವಳಿಕೆಯನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ.

ಇನ್ನೊಂದು ವಿಷಯವನ್ನು ಮುಚ್ಚಿಡುವುದು ಸರಿಯಲ್ಲ. ಜಡ್ಡಿಗಳು ಇರುವುದು ಕಣಿವೆಯ ತಳದಲ್ಲಿ, ಬೇಸಿಗೆಯಲ್ಲೂ ನೀರಾರದ ತಂಪು ನೆಲದಲ್ಲಿ. ಅಡಿಕೆಗೆ ಬೇಕಾದದ್ದೂ ಅಂಥದ್ದೇ ನೆಲ. ಬಸಿಗಾಲುವೆ ತೋಡಿ ನಿಂತ ನೀರನ್ನು ಹೊರಗೆ ಕಳಿಸಿ, ಮರ ಕಡಿದು, ಸಾಲಿನಲ್ಲಿ ಅಡಿಕೆ ಸಸಿ ನೆಟ್ಟರೆ ಜಡ್ಡಿ ತೋಟವಾಗುತ್ತದೆ. ಇನ್ನೂ ಅಗಲವಾಗಿದ್ದರೆ ಗದ್ದೆಯಾಗುತ್ತದೆ. ಮಲೆನಾಡಿನ ಎಷ್ಟೋ ಜಡ್ಡಿಗಳು ಹೀಗೆಯೇ ಮರೆಯಾಗಿವೆ. ನನ್ನ ಅಜ್ಜನ ಮನೆಯ ತೋಟವೂ ಕಣಿವೆಯ ತಳದಲ್ಲಿದೆ. ಆ ತೋಟದ ನೀರನ್ನು ಕುರಿತು ಮನೆಯಲ್ಲಿ ಹೆಮ್ಮೆಯಿಂದ ಆಡುವ ಮಾತುಗಳನ್ನು ಕೇಳುತ್ತ ಬೆಳೆದವನಿಗೆ, ಅಡಿಕೆಗೆ ಮೊದಲು ಅಲ್ಲಿ ಏನಿತ್ತು ಎಂಬ ಯೋಚನೆ ಕತ್ತಲೆಕಾನಿನ ಕೆಸರಿನಲ್ಲಿ ನಿಂತಾಗ ಬಾರದೆ ಇರಲಿಲ್ಲ. ಅಜ್ಜನ ತಲೆಮಾರಿನವರನ್ನು ಇದಕ್ಕಾಗಿ ದೂರುವ ಮನಸ್ಸು ನನಗಿಲ್ಲ, ಅದೇ ತೋಟದ ದುಡ್ಡಿನಲ್ಲಿ ಓದಿದವನು ನಾನು. ಆದರೆ ಮೇಲಿನ ಕಾನು ಮಳೆಯನ್ನು ಹಿಡಿದಿಟ್ಟು, ಜಡ್ಡಿ ಅದನ್ನು ನಿಧಾನವಾಗಿ ಬಿಟ್ಟುಕೊಟ್ಟರೆ ಮಾತ್ರ ಕೆಳಗಿನ ತೋಟಕ್ಕೆ ಬೇಸಿಗೆಯಲ್ಲಿ ನೀರುಂಟು. ಕಟ್ಟಕಡೆಯ ಜಡ್ಡಿಯನ್ನೂ ತೋಟ ಮಾಡುವವನು ತನ್ನ ಕೆಳಗಿನವನ ಏಪ್ರಿಲ್ ತಿಂಗಳನ್ನು ಕಿತ್ತುಕೊಳ್ಳುತ್ತಾನೆ.

ಉಳಿದವು ಹೇಗೆ ಉಳಿದವು? ಒಂದು ಕಾರಣ, ಅವು ದೇವರ ಹೆಸರಿನಲ್ಲಿದ್ದವು. ಚೌಡಿ, ಭೂತಪ್ಪ, ಜಟಕ ಮುಂತಾದ ದೈವಗಳ ಕಾನುಗಳಲ್ಲಿ ಕತ್ತಿ ಆಡಿಸುವಂತಿರಲಿಲ್ಲ. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಈ ಜಿಲ್ಲೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಇಲ್ಲಿನ ಕಾಡುಗಳು ಆಯಾ ಊರಿನ ದೇವರ ಸೊತ್ತು ಎಂಬ ನಂಬಿಕೆಯನ್ನು ದಾಖಲಿಸಿದ್ದಾನೆ. ಸರ್ಕಾರ ತನ್ನ ಆಸ್ತಿಯನ್ನು ಕೇಳದಂತೆ ಮಾಡಲು ಜನರು ಹೂಡಿದ ಉಪಾಯವಿದು ಎಂಬ ಗುಮಾನಿಯನ್ನೂ ಜೊತೆಗೇ ಸೇರಿಸಿದ್ದಾನೆ. ಉಪಾಯವೇ ಆಗಿದ್ದರೂ ಅದು ಒಳ್ಳೆಯ ಉಪಾಯವೇ ಆಗಿತ್ತು ಎಂದು ನನ್ನ ಅಭಿಪ್ರಾಯ. ಅನಂತರ ಕಾಡುಗಳು ಸರ್ಕಾರದ ಸುಪರ್ದಿಗೆ ಹೋದವು. ಪ್ಲೈವುಡ್ಡಿಗೂ ರೈಲು ಹಳಿಯ ಅಡಿಮರಕ್ಕೂ ದೊಡ್ಡ ಮರಗಳು ಉರುಳಿದವು.

ಈಗಿನ ಚರ್ಚೆ ವಿದ್ಯುತ್ತಿನದು. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಇಳಿಸುವ 2000 ಮೆಗಾವಾಟ್ ಸಾಮರ್ಥ್ಯದ ಯೋಜನೆ ಇದೇ ಅಭಯಾರಣ್ಯದೊಳಗೆ ಪ್ರಸ್ತಾವದಲ್ಲಿದೆ. ಸುರಂಗ ಭೂಮಿಯ ಒಳಗಿರುತ್ತದೆ ಎಂಬ ಸಮಾಧಾನದ ಮಾತು ಕೇಳಿಬರುತ್ತದೆಯಾದರೂ, ಸುರಂಗಕ್ಕೆ ಹೋಗುವ ರಸ್ತೆ, ಅಗೆದ ಮಣ್ಣು ಹಾಕುವ ಜಾಗ ಇವೆಲ್ಲ ಭೂಮಿಯ ಮೇಲೆಯೇ ಇರಬೇಕಾಗುತ್ತದೆ. ಕೊಂಬೆಯ ದಾರಿಯನ್ನು ನಂಬಿದ ಪ್ರಾಣಿಗೆ ಹೊಸ ರಸ್ತೆಯೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಹೋಗಬೇಕೆನ್ನುವವರಿಗೆ ಕೆಲವು ಮಾತು. ಅನುಮತಿಗೆ ಮೊದಲೇ ಅರ್ಜಿ ಕೊಡಿ, ಸ್ಥಳೀಯರೊಬ್ಬರನ್ನು ಜೊತೆಗಿಟ್ಟುಕೊಳ್ಳಿ, ಗುಂಪು ಸಣ್ಣದಿರಲಿ. ನೀರು ದಾಟುವಾಗ ಬೇರನ್ನು ತುಳಿಯದೆ ಮರಳಿನ ತಳವನ್ನು ಹುಡುಕಿ ಹೆಜ್ಜೆಯಿಡಿ; ಹಳ್ಳದ ಮೇಲೆ ಬಾಗಿದ ಕಡ್ಡಿಗಳಿಗೆ ಮೆತ್ತಿಕೊಂಡ ಕೆಸರನ್ನು ಕುತೂಹಲಕ್ಕಾಗಿಯೂ ಕೆದಕಬೇಡಿ. ಉಂಬಳಕ್ಕೆ ಸುಣ್ಣ, ತಂಬಾಕು, ಉಪ್ಪು ಏನು ಬೇಕಾದರೂ ಒಯ್ಯಬಹುದು, ಆದರೆ ಕಾಲಿಗೆ ಹಚ್ಚಿದ್ದನ್ನು ಜಡ್ಡಿಯ ನೀರಿನಲ್ಲಿ ತೊಳೆಯಬಾರದು. ಕಪ್ಪೆಗಳು ಚರ್ಮದ ಮೂಲಕವೂ ನೀರನ್ನು ಹೀರುವ, ಉಸಿರಾಡುವ ಜೀವಿಗಳು. ನಮ್ಮ ಕಾಲಿನದೆಲ್ಲ ಅವುಗಳ ಮೈಗೆ ಹೋಗುತ್ತದೆ. ರಸ್ತೆಗೆ ಹತ್ತಿ ಬಂದ ಮೇಲೆ, ಬಾಟಲಿಯ ನೀರಿನಲ್ಲಿ ತೊಳೆದುಕೊಂಡರಾಯಿತು.