ಕುಂದವಾಡ ಕೆರೆ ಏರಿ ಮೇಲೆ ಲಂಡನ್ ರೇಡಿಯೊ

ಈಗೀಗ ಸಂಜೆ ನಮ್ಮ ದಾವಣಗೆರೆಯ ಕುಂದವಾಡ ಕೆರೆ ಸುತ್ತುವಾಗ ಕಿವಿಯಲ್ಲಿ ಲಂಡನ್ನಿನ ರೆಸೊನೆನ್ಸ್ ಎಫ್‌ಎಂ ಪಾಡ್‌ಕಾಸ್ಟ್, ಅಂದರೆ ಇಂಟರ್ನೆಟ್‌ನಲ್ಲಿ ಬೇಕಾದಾಗ ಕೇಳುವ ಕಾರ್ಯಕ್ರಮ. 2002ರಲ್ಲಿ ಅಲ್ಲಿನ ಸಂಗೀತಗಾರರ ಕೂಟ ಶುರು ಮಾಡಿದ ಸಮುದಾಯ ರೇಡಿಯೊ ಇದು. ನಡೆಸುವವರಲ್ಲಿ ಕಲಾವಿದರು, ಸ್ವಯಂಸೇವಕರೇ ಜಾಸ್ತಿ. ಬೀದಿಯ, ಕಾಡಿನ ಸದ್ದನ್ನೇ ಕೇಳಿಸುವ ಕಾರ್ಯಕ್ರಮ ಅಲ್ಲಿ ಬಂದಿದೆ. ಬರೀ ಸೈಕಲ್ ಬಗ್ಗೆಯೂ ಒಂದು ಬಂದಿದೆ! ಎಲ್ಲರಿಗೂ ಇಷ್ಟವಾಗಬೇಕು ಅನ್ನೋ ಹಟವೇ ಇಲ್ಲ. ನನಗೆ ತುಂಬಾ ಹಿಡಿಸಿದ್ದು ಅದೇ.

ಇಂಥ ರೇಡಿಯೊದ ಸಿಗ್ನಲ್ ಊರು ದಾಟೋದು ಕಷ್ಟ. ಪಾಡ್‌ಕಾಸ್ಟ್ ಆದದ್ದಕ್ಕೇ ದಾವಣಗೆರೆಗೂ ಬಂತು, ಅಲ್ವಾ?

ನಮ್ಮ ದೇಶದಲ್ಲೂ 2006ರಿಂದ ಊರಿನ ಸಂಘ ಸಂಸ್ಥೆಗಳು ಲೈಸೆನ್ಸ್ ಪಡೆದು ರೇಡಿಯೊ ನಡೆಸಬಹುದು. ದಾವಣಗೆರೆಯ ಕಲೆಗೆಂದೇ ಇಂಥದ್ದೊಂದು ಬೇಕು. ನಾಟಕ ಕಂಪನಿಗಳ ಊರು ನಮ್ಮದು. ರಂಗನಟಿ ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ಇಲ್ಲಿಯದೇ. ಹಾರ್ಮೋನಿಯಂ ಮಾಸ್ತರರು, ಪರದೆ ಬರೆದವರು, ಬಣ್ಣ ಹಚ್ಚಿದವರು, ಅವರ ಮಾತು ಅವರ ದನಿಯಲ್ಲೇ ಉಳಿಯಬೇಕು. ಲೈಸೆನ್ಸ್ ಆಮೇಲೆ ನೋಡೋಣ, ಪಾಡ್‌ಕಾಸ್ಟ್ ಶುರು ಮಾಡೋಕೆ ಮೊಬೈಲ್ ಸಾಕು.

ನಿಮ್ಮ ಮನೆಯಲ್ಲಿ, ಓಣಿಯಲ್ಲಿ ಅಂಥ ಹಿರಿಯರಿದ್ದರೆ ತಿಳಿಸಿ. ನಾನೇ ಬಂದು ರೆಕಾರ್ಡ್ ಮಾಡಿಕೊಳ್ಳುತ್ತೇನೆ.