ಸ್ಲ್ಯಾಬಿನ ದಿನದಿಂದ ಹಿಂದಕ್ಕೆ ಎಣಿಸಿ

ಕೆಸರುಕಲ್ಲು ಹಾಕಲು ಮುಹೂರ್ತ ನೋಡುತ್ತಾರೆ, ಮನೆ ಒಕ್ಕಲಿಗೂ ನೋಡುತ್ತಾರೆ. ಸ್ಲ್ಯಾಬ್ ಯಾವಾಗ ಎಂದರೆ ಮೇಸ್ತ್ರಿಯ ಮುಖ ನೋಡುತ್ತಾರೆ! ಕಾಸರಗೋಡಿನಲ್ಲಿ ಮೊದಲು ಬರೆದಿಡಬೇಕಾದ ದಿನ ಅದೇ. ಜೂನ್ ಆರಂಭಕ್ಕೆ ಮಳೆಗಾಲ. ಮೇ ತಿಂಗಳ ಸಂಜೆಗಳನ್ನೂ ನಂಬುವಂತಿಲ್ಲ. ಹಾಗಾಗಿ ಏಪ್ರಿಲ್ 15ಕ್ಕೆ ಕಾಂಕ್ರೀಟು ಎಂದಿಟ್ಟುಕೊಂಡು ಹಿಂದಕ್ಕೆ ಎಣಿಸಿ.

ಸಾವಿರ ಚದರಡಿಯ ಒಂದಂತಸ್ತಿನ ಮನೆ ಎನ್ನೋಣ. ಸೆಂಟ್ರಿಂಗ್ (ಕಾಂಕ್ರೀಟು ಹೊರುವ ಹಲಗೆ, ಆಸರೆ), ಕಬ್ಬಿಣ ಕಟ್ಟುವುದು ಸೇರಿ ಸುಮಾರು 12 ದಿನ. ಲಿಂಟಲ್ (ಬಾಗಿಲು-ಕಿಟಕಿಗಳ ಮೇಲಿನ ತೊಲೆ) ಮತ್ತು ಅದರ ಮೇಲಿನ ಕಲ್ಲು 12. ಲಿಂಟಲ್ ತನಕ ಗೋಡೆ 25, ಪಂಚಾಂಗ ಅಂದರೆ ಅಡಿಪಾಯ 25. ಒಟ್ಟು 74. ಜಾತ್ರೆ, ಕೋಲ, ಕೆಲಸದವರು ಊರಿಗೆ ಹೋಗುವುದು ಎಂದು ಕಾಲು ಭಾಗ ಸೇರಿಸಿದರೆ ಹೆಚ್ಚುಕಮ್ಮಿ 92. ಜನವರಿ ಮಧ್ಯದಲ್ಲಿ ಅಗೆತ ಶುರುವಾಗಲೇಬೇಕು. ಕೆಂಪುಕಲ್ಲಿಗೆ ಡಿಸೆಂಬರಿನಲ್ಲೇ ಮುಂಗಡ ಕೊಡಿ. ಮಾರ್ಚಿನಲ್ಲಿ ಎಲ್ಲರಿಗೂ ಕೋರೆಯ ಲಾರಿ ಬೇಕು.

ಪಟ್ಟಿಯಲ್ಲಿ ಬಿಟ್ಟುಹೋಗುವವನು ಎಲೆಕ್ಟ್ರಿಷಿಯನ್. ಕಬ್ಬಿಣ ಕಟ್ಟುವಾಗಲೇ ಪೈಪು, ಫ್ಯಾನ್ ಬಾಕ್ಸ್ ಕೂರಬೇಕು. ಅವನಿಗೆ ಎರಡು ದಿನ ಬರೆದಿಡದಿದ್ದರೆ ಆಮೇಲೆ ಸ್ಲ್ಯಾಬನ್ನೇ ಕೊರೆಯುತ್ತಾರೆ.

ನೀರಿನ ಲೆಕ್ಕವನ್ನಂತೂ ಯಾರೂ ಹಾಕುವುದಿಲ್ಲ. ಸಾವಿರ ಚದರಡಿ ಸ್ಲ್ಯಾಬಿನ ಮೇಲೆ ಕಟ್ಟೆ ಕಟ್ಟಿ 5 ಸೆಂಟಿಮೀಟರ್ ನೀರು ನಿಲ್ಲಿಸಲು ಸುಮಾರು 4,600 ಲೀಟರ್ ಬೇಕು. ಬಿಸಿಲಿಗೆ ಆರಿದ್ದಕ್ಕೆ ದಿನವೂ ಮತ್ತೆ ನೂರಾರು ಲೀಟರ್. ಪಿಪಿಸಿ (ಪೋರ್ಟ್‌ಲ್ಯಾಂಡ್ ಪೊಝೊಲಾನಾ) ಸಿಮೆಂಟಾದರೆ ಕನಿಷ್ಠ 10 ದಿನ ಹಾಗೇ ಇರಬೇಕು. ಏಪ್ರಿಲಿನಲ್ಲಿ ಬಾವಿಯ ತಳ ಕಾಣುವ, ಗುಡ್ಡಕ್ಕೆ ಅಡ್ಡ ಕೊರೆದ ಸುರಂಗದ ನೀರು ಸಣ್ಣಗಾಗುವ ಜಾಗವಾದರೆ ಟ್ಯಾಂಕರಿಗೆ ಮೊದಲೇ ಹೇಳಿಡಿ, ಇಲ್ಲವೇ ಸ್ಲ್ಯಾಬನ್ನೇ ಮಾರ್ಚಿಗೆ ತನ್ನಿ. ನಾನಾದರೆ ಎರಡನೆಯದನ್ನೇ ಆರಿಸುತ್ತೇನೆ.

ಸ್ಲ್ಯಾಬಿನಡಿಯ ಆಸರೆ ಕಂಬ, ಅಂದರೆ ಜಾಕಿ ಬಿಚ್ಚಲು ಅವಸರ ಬೇಡ. ಬಾಡಿಗೆ ಏರುತ್ತದೆಂದು ಗುತ್ತಿಗೆದಾರ ಒತ್ತಾಯಿಸಬಹುದು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ, ಆಧಾರದಿಂದ ಆಧಾರಕ್ಕೆ 4.5 ಮೀಟರ್ ತನಕದ ಸ್ಲ್ಯಾಬಿಗೆ 7 ದಿನ, ಅದಕ್ಕಿಂತ ಅಗಲದ್ದಕ್ಕೆ 14. 6 ಮೀಟರ್ ತನಕದ ಬೀಮಿಗೂ 14. ಇದು ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಮಾತು. ಪಿಪಿಸಿಗೆ ಇನ್ನಷ್ಟು ದಿನ ಬಿಡಬೇಕು.

ಸ್ಲ್ಯಾಬ್ ಆದಮೇಲೆ ಪಟ್ಟಿ ಸಡಿಲ. ಒಳಗಿನ ಸಾರಣೆ, ನೆಲ, ವಯರಿಂಗ್ ಮಳೆಯಲ್ಲೂ ಸಾಗುತ್ತವೆ, ವಾರ ಆಚೀಚೆಯಾದರೂ ನಷ್ಟವಿಲ್ಲ. ಆದರೆ ಬಾಗಿಲಿನ ಹಲಗೆಗಳನ್ನು ಆಟಿಯಲ್ಲಿ (ಜುಲೈ-ಆಗಸ್ಟ್) ಕೂರಿಸಬೇಡಿ. ಉಬ್ಬಿದ ಮರವನ್ನು ಹತ್ತರಿ ಹೊಡೆದು ಕೂರಿಸಿದರೆ ಜನವರಿಯಲ್ಲಿ ಸಂದಿಯಿಂದ ಬೆಳಕು ಕಾಣುತ್ತದೆ. ಹೊರಗೋಡೆಯ ಪುಟ್ಟಿ, ಪೇಂಟಿಗೂ ಅವಸರ ಬೇಡ: ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಗುಡುಗುಮಳೆ ಕಳೆದು ಗೋಡೆ ಒಣಗಿದ ಮೇಲೆ, ಡಿಸೆಂಬರಿಗೆ.